ವರವೋ ಶಾಪವೋ ಎಂದು ಕೇಳುವುದನ್ನು ಮೊದಲು ಬಿಡಿ

ಗೆ,
ಶಿವಮೊಗ್ಗ ಜಿಲ್ಲೆಯ ಶಾಲಾ ಕಾಲೇಜು ಚರ್ಚಾಸ್ಪರ್ಧೆಗಳ ಸಂಘಟಕರಿಗೆ, ತೀರ್ಪುಗಾರರಿಗೆ ಹಾಗೂ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಮೇಷ್ಟ್ರು, ಮೇಡಂಗಳಿಗೆ

ವಿಷಯ: ಚರ್ಚಾಸ್ಪರ್ಧೆಯ ವಿಷಯ, ಅಂಕಪಟ್ಟಿ ಮತ್ತು ತೀರ್ಪಿನ ಕ್ರಮವನ್ನು ಬದಲಿಸುವ ಬಗ್ಗೆ

ಮಾನ್ಯರೇ,

ಸಾಗರಕ್ಕೆ ಹೋಗಲಿ, ಹೊಸನಗರಕ್ಕೆ ಹೋಗಲಿ, ತೀರ್ಥಹಳ್ಳಿ, ಸೊರಬ, ಶಿಕಾರಿಪುರ ಎಲ್ಲೇ ಹೋಗಲಿ, ಚರ್ಚಾಸ್ಪರ್ಧೆಯ ಮೈಕಿನಿಂದ ಬರುವ ಮಾತಿನ ಧಾಟಿ ಒಂದೇ. ಮೊದಲು ವೇದಿಕೆಯವರಿಗೆಲ್ಲ ವಂದನೆ, ಆಮೇಲೆ ಒಂದು ವಚನ ಅಥವಾ ಗಾದೆ, ಆಮೇಲೆ ಉತ್ತರ ಬೇಡದ ನಾಲ್ಕು ಪ್ರಶ್ನೆಗಳು, ಕೊನೆಗೆ ಏರುದನಿಯಲ್ಲಿ ಒಂದು ಎಚ್ಚರಿಕೆ. ಚಪ್ಪಾಳೆ ಬೀಳುತ್ತದೆ. ಪ್ರಥಮ ಬಹುಮಾನ ಬರುವುದು ಸಾಮಾನ್ಯವಾಗಿ ದನಿ ಹೆಚ್ಚು ಏರಿಸಿದ ಮಗುವಿಗೆ.

ನಮ್ಮ ದೂರು ಮಕ್ಕಳ ಮೇಲಲ್ಲ. ಚುನಾವಣಾ ಭಾಷಣ, ಜಾಹೀರಾತು, ವಾಟ್ಸಾಪ್ ಸಂದೇಶಗಳಲ್ಲಿ ದೊಡ್ಡವರನ್ನು ಯಾಮಾರಿಸುವ ತಂತ್ರಗಳನ್ನೇ ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಅವಕ್ಕೆ ಅಂಕ ಹಾಕಿ, ಫಲಕ ಕೊಟ್ಟು ಕಳಿಸುತ್ತಿದ್ದೇವೆ. ಬಳಸುವುದನ್ನು ಕಲಿಸುತ್ತೇವೆ, ಗುರುತಿಸುವುದನ್ನು ಕಲಿಸುವುದಿಲ್ಲ. ತೀರ್ಪುಗಾರರ ಕೈಗೆ ಬರುವ ಅಂಕಪಟ್ಟಿಯನ್ನೇ ನೋಡಿ: ವಿಷಯ ನಿರೂಪಣೆ, ಭಾಷಾಶುದ್ಧಿ, ಉಚ್ಚಾರ, ಹಾವಭಾವ, ಸಮಯಪಾಲನೆ. ಹೇಳಿದ ಮಾತಿಗೆ ಆಧಾರ ಇದೆಯೇ ಎಂದು ಕೇಳುವ ಕಾಲಂ ನಾವು ನೋಡಿದ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಮಗು ಬಾಯಿ ತೆರೆಯುವ ಮೊದಲೇ ಕೊಟ್ಟ ವಿಷಯದಲ್ಲೇ ತಪ್ಪು ಶುರುವಾಗುತ್ತದೆ. ಮೊಬೈಲ್ ವರವೋ ಶಾಪವೋ. ಅಡಿಕೆ ವರವೋ ಶಾಪವೋ. ಪ್ರವಾಸೋದ್ಯಮ ವರವೋ ಶಾಪವೋ. ಇರುವುದು ಎರಡೇ ದಾರಿ, ಒಂದನ್ನು ಆರಿಸಿಕೋ ಎಂದು ಒತ್ತುವುದು ಪ್ರಚಾರದ ಅತ್ಯಂತ ಹಳೆಯ ಪಟ್ಟು. ನಮ್ಮ ಜೊತೆ ಇಲ್ಲದವರೆಲ್ಲ ಶತ್ರುಗಳ ಜೊತೆ ಇದ್ದಾರೆ ಎನ್ನುವ ಮಾತಿನ ಅಚ್ಚೂ ಇದೇ. ಆ ಅಚ್ಚನ್ನು ನಾವೇ ಎರಕ ಹೊಯ್ದು ಮಗುವಿನ ಕೈಗೆ ಕೊಟ್ಟ ಮೇಲೆ ಅದರೊಳಗಿಂದ ತೂಕದ ಮಾತು ಬರಲಿ ಎಂದರೆ ಹೇಗೆ?

ಒಂದು ಮಾದರಿಯನ್ನು ಹತ್ತಿರದಿಂದ ನೋಡೋಣ. ಬೇರೆ ಬೇರೆ ಕಡೆ ಕೇಳಿದ ಮಾತುಗಳನ್ನು ಇಲ್ಲಿ ಒಂದೇ ಭಾಷಣವಾಗಿ ಹೊಸೆದಿದ್ದೇವೆ. ಯಾವ ಮಗುವನ್ನೂ ಬೆಟ್ಟು ಮಾಡಿ ತೋರಿಸುವ ಉದ್ದೇಶವಿಲ್ಲ.

"ಅಡಿಕೆ ಇಲ್ಲದೆ ದೇವರ ಪೂಜೆ ಉಂಟೇ? ವೀಳ್ಯವಿಲ್ಲದೆ ಮದುವೆ ಉಂಟೇ? ಎಲ್ಲರಿಗೂ ತಿಳಿದಿರುವಂತೆ ಅಡಿಕೆ ನಮ್ಮ ಮಲೆನಾಡಿನ ಬೆನ್ನೆಲುಬು. ನನ್ನ ಅಜ್ಜ ಎಂಬತ್ತೆಂಟು ವರ್ಷ ಕವಳ ಹಾಕಿಕೊಂಡೇ ಗಟ್ಟಿಮುಟ್ಟಾಗಿ ಬದುಕಿದರು. ಅಡಿಕೆಯಿಂದ ಕ್ಯಾನ್ಸರ್ ಎನ್ನುವವರು ಎಸಿ ಕೋಣೆಯಲ್ಲಿ ಕುಳಿತ ರೈತವಿರೋಧಿಗಳು. ಇಂದು ಅಡಿಕೆ ಹೋದರೆ ನಾಳೆ ಮಲೆನಾಡೇ ಹೋಗುತ್ತದೆ!"

ಕೇಳಲು ಚೆನ್ನಾಗಿದೆ. ಈಗ ಬಿಡಿಸಿ ನೋಡಿ. ಪೂಜೆ, ಮದುವೆ ಎಂದಾಗ ದೇವರ ಮೇಲಿನ ಭಕ್ತಿ ಸದ್ದಿಲ್ಲದೆ ಅಡಿಕೆಯ ಮೇಲೆ ಬಂದು ಕೂರುತ್ತದೆ. ಹರಿವಾಣದಲ್ಲಿ ಇಡುವ ಅಡಿಕೆಗೂ ಬಾಯಲ್ಲಿ ಜಗಿಯುವ ಅಡಿಕೆಗೂ ಆರೋಗ್ಯದ ದೃಷ್ಟಿಯಿಂದ ಏನೂ ಸಂಬಂಧವಿಲ್ಲ ಎಂಬುದು ಆ ಗಳಿಗೆಯಲ್ಲಿ ಹೊಳೆಯುವುದೇ ಇಲ್ಲ. "ಎಲ್ಲರಿಗೂ ತಿಳಿದಿರುವಂತೆ" ಎಂದರೆ ನಿನಗೆ ತಿಳಿಯದಿದ್ದರೆ ನೀನೊಬ್ಬನೇ ದಡ್ಡ ಎಂದ ಹಾಗೆ. "ಬೆನ್ನೆಲುಬು" ಮಿನುಗುವ ಮಾತು: ಅಳೆಯಲು ಬರುವುದಿಲ್ಲ, ಆದ್ದರಿಂದ ಅಲ್ಲಗಳೆಯಲೂ ಬರುವುದಿಲ್ಲ. ಅಜ್ಜನ ಸಾಕ್ಷಿ ಎಲ್ಲಕ್ಕಿಂತ ಗಟ್ಟಿ ಅನಿಸುತ್ತದೆ. ಆದರೆ ಕವಳ ಹಾಕಿ ಐವತ್ತೈದಕ್ಕೇ ಹೋದ ಅಜ್ಜಂದಿರು ಮೈಕಿನ ಮುಂದೆ ಬಂದು ಸಾಕ್ಷಿ ಹೇಳುವುದಿಲ್ಲವಲ್ಲ. "ರೈತವಿರೋಧಿ" ಎಂಬುದು ಹಣೆಪಟ್ಟಿ. ಹೇಳಿದವನಿಗೆ ಅದನ್ನು ಕಟ್ಟಿದ ಮೇಲೆ ಹೇಳಿದ ಮಾತನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಕೊನೆಯ ವಾಕ್ಯ ಜಾರುಬಂಡೆ: ಒಂದು ಮೆಟ್ಟಿಲಿನಿಂದ ಪಾತಾಳದವರೆಗೆ ನಡುವೆ ಏನೂ ಇಲ್ಲ.

ಹಾಗಾದರೆ ಈ ನಾಲ್ಕು ನಿಮಿಷದಲ್ಲಿ ಹೇಳಬೇಕಾಗಿದ್ದದ್ದು ಏನು? ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿಸಿದ ಕವಳವನ್ನು ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ಪ್ರಕಟವಾದ ತನ್ನ ವರದಿಮಾಲೆಯ 85ನೇ ಸಂಪುಟದಲ್ಲಿ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದವುಗಳ ಗುಂಪಿಗೆ, ಸೇರಿಸಿತು. "ಕ್ಯಾನ್ಸರ್ ಬರುವುದು ತಂಬಾಕಿನಿಂದ, ಅಡಿಕೆಯಿಂದಲ್ಲ" ಎಂದು ಇಂದಿಗೂ ಭಾಷಣ ಮಾಡುವವರು 1985ರಲ್ಲೇ ನಿಂತಿದ್ದಾರೆ.

ಎದುರು ಪಕ್ಷದ ಮಗುವೂ ಏನು ಕಡಿಮೆಯಿಲ್ಲ. "ಅಡಿಕೆ ವಿಷ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ, ಅದು ತಂಬಾಕಿನ ಗುಂಪಿನಲ್ಲೇ ಇದೆ, ಆದ್ದರಿಂದ ತಂಬಾಕಿನಷ್ಟೇ ಅಪಾಯ" ಎಂದು ಗುಡುಗುತ್ತದೆ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಅದು ಅಳೆಯುವುದಿಲ್ಲ. ಅದೇ ಮೊದಲನೇ ಗುಂಪಿನಲ್ಲಿ ಬಿಸಿಲೂ ಇದೆ, ಹೆಂಡವೂ ಇದೆ, ಸಂಸ್ಕರಿಸಿದ ಮಾಂಸವೂ ಇದೆ. ದೊಡ್ಡ ಹೆಸರನ್ನು ಮುಂದಿಟ್ಟು ಆ ಹೆಸರಿನವರು ಹೇಳದ್ದನ್ನು ಅವರ ಬಾಯಲ್ಲಿ ಹೇಳಿಸುವುದೂ ತಂತ್ರವೇ. ಎರಡೂ ಕಡೆಯವರು ತಪ್ಪಿದರು. ತೀರ್ಪುಗಾರರ ಪೆನ್ನು ಎರಡೂ ಸಲ ಅಲುಗಲಿಲ್ಲ.

ಇದಕ್ಕಿಂತ ನಾಜೂಕಾದದ್ದು ದರದ ಲೆಕ್ಕ. ಶಿವಮೊಗ್ಗ ಮಾರುಕಟ್ಟೆಯ ಧಾರಣೆ ಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆಗಳಿರುತ್ತವೆ. ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ಮತ್ತು ಸಾಮಾನ್ಯವಾಗಿ ಹೆಚ್ಚು ಮಾಲು ಬಿಕರಿಯಾದ ದರ ಇರುತ್ತದೆ. ಬೆಳೆಗಾರ ಶ್ರೀಮಂತ ಎಂದು ಸಾಧಿಸಬೇಕಾದವನು ಸರಕಿನ ಗರಿಷ್ಠ ದರ ಓದುತ್ತಾನೆ. ಬೆಳೆಗಾರ ಮುಳುಗಿದ ಎಂದು ಸಾಧಿಸಬೇಕಾದವನು ಗೊರಬಲಿನ ಕನಿಷ್ಠ ದರ ಓದುತ್ತಾನೆ. ಇಬ್ಬರೂ ಓದಿದ್ದು ಅದೇ ದಿನದ ಅದೇ ಪಟ್ಟಿ, ಇಬ್ಬರೂ ಒಂದಂಕಿಯನ್ನೂ ಸುಳ್ಳು ಹೇಳಿಲ್ಲ. ಇಸ್ಪೀಟಿನಲ್ಲಿ ಬೇಕಾದ ಎಲೆಗಳನ್ನಷ್ಟೇ ಮೇಲೆ ಜೋಡಿಸಿ ಹಂಚಿದ ಹಾಗೆ. ಸುಳ್ಳನ್ನು ಹಿಡಿಯುವುದು ಸುಲಭ, ಆರಿಸಿ ತಂದ ನಿಜವನ್ನು ಹಿಡಿಯುವುದು ಕಷ್ಟ. ಹಿಡಿಯುವ ಉಪಾಯ ಒಂದೇ: ಯಾವ ಬಗೆ, ಯಾವ ದರ, ಯಾವ ದಿನ ಎಂದು ಕೇಳುವುದು. ಆದರೆ ಕೇಳಲು ನಮ್ಮ ಸ್ಪರ್ಧೆಯಲ್ಲಿ ಅವಕಾಶವೇ ಇಲ್ಲ. ಎದುರು ಪಕ್ಷದ ಮಗು ತನ್ನ ಬಾಯಿಪಾಠವನ್ನು ಒಪ್ಪಿಸಿ ಹೋಗುತ್ತದೆ.

ಇಂಥ ತಂತ್ರಗಳನ್ನು ಪಟ್ಟಿ ಮಾಡಿ ಶಾಲೆಗಳಿಗೆ ಕಲಿಸಲು ಹೊರಟವರು ಹಿಂದೆಯೂ ಇದ್ದರು. 1937ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಪ್ರಚಾರ ವಿಶ್ಲೇಷಣಾ ಸಂಸ್ಥೆ ಏಳು ತಂತ್ರಗಳನ್ನು ಹೆಸರಿಸಿತು: ಹಣೆಪಟ್ಟಿ ಕಟ್ಟುವುದು, ಮಿನುಗು ಮಾತು, ಒಂದರ ಗೌರವವನ್ನು ಇನ್ನೊಂದಕ್ಕೆ ದಾಟಿಸುವುದು, ಹೆಸರುವಾಸಿಗಳ ಸಾಕ್ಷಿ, ನಾನೂ ನಿಮ್ಮವನೇ ಎಂಬ ವೇಷ, ಎಲೆ ಜೋಡಿಸುವುದು, ಎಲ್ಲರೂ ಹೊರಟಿದ್ದಾರೆ ನೀನೂ ಬಾ ಎನ್ನುವುದು. ಮೇಲಿನ ಅಡಿಕೆ ಭಾಷಣದಲ್ಲಿ ಇವುಗಳಲ್ಲಿ ಹೆಚ್ಚಿನವು ಸಿಗುತ್ತವೆ. ಆ ಸಂಸ್ಥೆ ಯುದ್ಧದ ನಡುವೆ 1942ರಲ್ಲಿ ಮುಚ್ಚಿತು. ಅದರ ಮೇಲೆ ಬಂದ ಒಂದು ಟೀಕೆಯನ್ನು ಮಾತ್ರ ಮರೆಯಬಾರದು: ಬರೀ ಪಟ್ಟಿ ಕಲಿತ ಹುಡುಗರು ಯಾವುದನ್ನೂ ನಂಬದವರಾಗುತ್ತಾರೆ ಎಂಬುದು. ಆ ಭಯ ನಮಗೂ ಇದೆ. ಅದಕ್ಕೆ ಪರಿಹಾರ ಮುಂದೆ ಹೇಳಿದ್ದೇವೆ.

ಆದರೆ ಅಮೆರಿಕದ ಪಟ್ಟಿಯನ್ನು ಅನುವಾದಿಸಿ ಗೋಡೆಗೆ ಅಂಟಿಸಿದರೆ ಸಾಲದು, ಏಕೆಂದರೆ ಕನ್ನಡದಲ್ಲಿ ಈ ಆಟ ನಡೆಯುವುದು ಕನ್ನಡದ ವ್ಯಾಕರಣದೊಳಗೆ. "ಅಂತೆ" ಎಂಬ ಎರಡಕ್ಷರವನ್ನೇ ತೆಗೆದುಕೊಳ್ಳಿ. "ಮೇಲಿನೂರಿನಲ್ಲಿ ಮಂಗ ಸತ್ತಿದೆಯಂತೆ" ಎಂದಾಗ ನಾನು ಕಂಡಿಲ್ಲ, ಕೇಳಿದ್ದು ಎಂಬ ಪ್ರಾಮಾಣಿಕತೆ ಆ ಮಾತಿನಲ್ಲೇ ಇರುತ್ತದೆ. ಮೂರನೆಯ ಬಾಯಿಗೆ ಹೋಗುವಷ್ಟರಲ್ಲಿ "ಅಂತೆ" ಉದುರಿ "ಸತ್ತಿದೆ" ಆಗುತ್ತದೆ. ಐದನೆಯ ಬಾಯಿಯಲ್ಲಿ "ಮಂಗನ ಕಾಯಿಲೆ ಬಂದಿದೆ, ಇಲಾಖೆ ಮುಚ್ಚಿಡುತ್ತಿದೆ" ಎಂದಾಗುತ್ತದೆ. ಬರವಣಿಗೆಯಲ್ಲಿ ಇದರ ಅಣ್ಣ "ಎನ್ನಲಾಗಿದೆ". ಎಂದವರು ಯಾರು? ಕರ್ತೃವೇ ಇಲ್ಲದ ಕ್ರಿಯಾಪದ. ಮಕ್ಕಳ ಭಾಷಣದಲ್ಲಿ "ಎನ್ನಲಾಗಿದೆ", "ಹೇಳುತ್ತಾರೆ", "ತಜ್ಞರ ಪ್ರಕಾರ" ಬಂದಾಗಲೆಲ್ಲ ತೀರ್ಪುಗಾರರು ಅಂಚಿನಲ್ಲಿ "ಯಾರು?" ಎಂದು ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಇನ್ನು "ನಾವು". ಘಟ್ಟದ ಕೆಳಗಿನ ತುಳುವಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ "ನಮ", ಅವನನ್ನು ಬಿಟ್ಟರೆ "ಎಂಕುಳು". ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ನಾವು. "ನಾವು ಇದನ್ನು ಸಹಿಸುವುದಿಲ್ಲ" ಎಂದು ಒಬ್ಬ ಗುಡುಗಿದರೆ ಕೆಳಗೆ ಕೂತವನು ಯಾರೂ ಕೇಳದೆಯೇ ಆ ಪಾಳಯ ಸೇರಿಬಿಟ್ಟಿರುತ್ತಾನೆ. ಈ ನಾವು ಅಂದರೆ ಯಾರು ಯಾರು, ತೋಟದ ಯಜಮಾನರೋ, ಕೊನೆಗಾರರೋ, ಅಡಿಕೆ ಸುಲಿಯುವ ಹೆಂಗಸರೋ ಎಂದು ಒಮ್ಮೆ ಕೇಳಿ ನೋಡಿ.

ಗಾದೆಯ ಬಗ್ಗೆ ಹೇಳಿದರೆ ಕನ್ನಡ ಮೇಷ್ಟ್ರುಗಳಿಗೆ ಬೇಸರವಾಗಬಹುದು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಹೇಳಿ ಮಾತು ಮುಗಿಸುವ ಮಗುವಿಗೆ ಅಂಕ ಖಚಿತ. "ಮಾತು ಬಲ್ಲವನಿಗೆ ಜಗಳವಿಲ್ಲ" ಎಂದೂ ಗಾದೆ ಇದೆ, "ಮಾತು ಮನೆ ಕೆಡಿಸಿತು" ಎಂದೂ ಇದೆ. ಯಾವ ಪಕ್ಷಕ್ಕೆ ಬೇಕಾದರೂ ಗಾದೆ ಸಿಗುತ್ತದೆ. ಮಾತಿಗೆ ರುಚಿ ಬರಲು ಅದು ಇರಲಿ, ಪುರಾವೆಯ ಜಾಗದಲ್ಲಿ ಬೇಡ.

ಇದೆಲ್ಲ ಹೊರಗಿನಿಂದ ತಂದ ವಿದ್ಯೆ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ನಮ್ಮ ಹಳೆಯ ತರ್ಕವಿದ್ಯೆಯಾದ ನ್ಯಾಯಶಾಸ್ತ್ರ ಚರ್ಚೆಯನ್ನು ಮೂರು ಬಗೆ ಮಾಡಿತ್ತು: ನಿಜ ತಿಳಿಯಲು ನಡೆಸುವುದು ವಾದ, ಹೇಗಾದರೂ ಗೆಲ್ಲಲು ನಡೆಸುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ನಮ್ಮ ಸ್ಪರ್ಧೆಗಳು ಜಲ್ಪಕ್ಕೆ ಪ್ರಥಮವನ್ನೂ ವಿತಂಡಕ್ಕೆ ದ್ವಿತೀಯವನ್ನೂ ಕೊಡುತ್ತಿವೆ. ಅದೇ ಶಾಸ್ತ್ರದಲ್ಲಿ ಛಲ ಎಂಬ ಮಾತು ಬರುತ್ತದೆ. ನಾವು ಛಲ ಎಂದರೆ ಹಟ ಎಂದುಕೊಳ್ಳುತ್ತೇವೆ, ಅಲ್ಲಿ ಅದಕ್ಕೆ ಮಾತು ತಿರುಚುವುದು ಎಂದರ್ಥ. ಕೊಡುವ ಉದಾಹರಣೆ ಮಲೆನಾಡಿಗೆ ಹೇಳಿ ಮಾಡಿಸಿದಂತಿದೆ. ಹುಡುಗ "ನವಕಂಬಳ" ಹೊದ್ದಿದ್ದಾನೆ ಎಂದು ಒಬ್ಬ ಹೇಳುತ್ತಾನೆ, ಹೊಸ ಕಂಬಳಿ ಎಂಬ ಅರ್ಥದಲ್ಲಿ. ಇನ್ನೊಬ್ಬ, ಇವನ ಹತ್ತಿರ ಇರುವುದು ಒಂದೇ, ಒಂಬತ್ತು ಕಂಬಳಿ ಎಲ್ಲಿ ಎಂದು ಹಿಡಿದುಕೊಳ್ಳುತ್ತಾನೆ. ಟಿವಿ ಚರ್ಚೆಗಳಲ್ಲಿ ದಿನವೂ ಎಣಿಸುತ್ತಿರುವುದು ಈ ಒಂಬತ್ತು ಕಂಬಳಿಗಳನ್ನೇ.

ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯನ್ನು ಕೇಳಿ ಬೆಳೆದ ಊರುಗಳಿವು. ವಾಲಿವಧೆಯಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳಿದಾಗ ರಾಮನ ಅರ್ಥಧಾರಿ ನೇರ ಉತ್ತರ ಬಿಟ್ಟು ಧರ್ಮದ ದೊಡ್ಡ ಮಾತಿಗೆ ಹಾರಿದರೆ, ಹಿಂದಿನ ಸಾಲಿನಲ್ಲಿ ಕವಳ ಜಗಿಯುತ್ತಾ ಕೂತ ಅಜ್ಜ "ಜಾರ್ಕೊಂಡ" ಎಂದು ಪಕ್ಕದವನಿಗೆ ಹೇಳುತ್ತಾನೆ. ಆ ಅಜ್ಜನ ಕಿವಿ ನಮ್ಮ ತೀರ್ಪುಗಾರರಿಗೆ ಬೇಕು.

ಈಗ ನಮ್ಮ ಬೇಡಿಕೆಗಳು.

ಮೊದಲು ವಿಷಯ. ಹೌದು, ಅಲ್ಲ ಎನ್ನುವಂತಿರಲಿ, ಆದರೆ ಕಿರಿದಾಗಿರಲಿ. "ಪಶ್ಚಿಮಘಟ್ಟ ಉಳಿಯಬೇಕೋ, ಜನ ಬದುಕಬೇಕೋ" ಎಂಬ ವಿಷಯ ಕೊಟ್ಟರೆ ಒಂದು ಕಡೆ "ಮನೆಗೆ ಹೆಂಚು ಹೊದಿಸಲೂ ಬಿಡುವುದಿಲ್ಲ" ಎಂಬ ಭಯ, ಇನ್ನೊಂದು ಕಡೆ "ಹಳ್ಳಿಯವರಿಗೆ ಏನೇನೂ ತೊಂದರೆಯಿಲ್ಲ" ಎಂಬ ಸಮಾಧಾನ ಬರುತ್ತವೆ. ಪಶ್ಚಿಮಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸಲು ಕೇಂದ್ರ ಸರ್ಕಾರ ಹೊರಡಿಸಿದ 2024ರ ಜುಲೈ 31ರ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಇದೆ. ಅದರಲ್ಲಿ ಕಟ್ಟಡದ ನಿಷೇಧ ಇರುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡದಕ್ಕೆ, ಅಂದರೆ ಎರಡು ಲಕ್ಷ ಚದರ ಅಡಿ ದಾಟಿದ್ದಕ್ಕೆ. ಹಾಗೆಂದು ತೊಂದರೆಯೇ ಇಲ್ಲ ಎನ್ನುವುದೂ ನಿಜವಲ್ಲ: ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು ನಿಷೇಧದ ಪಟ್ಟಿಯಲ್ಲಿವೆ, ಮನೆ ಕಟ್ಟುವವನಿಗೆ ಕಲ್ಲೂ ಮರಳೂ ಬೇಕು. ಆದ್ದರಿಂದ ವಿಷಯವನ್ನು ಹೀಗೆ ಕೊಡಿ: "ಕರಡು ಅಧಿಸೂಚನೆಯ ಕ್ವಾರಿ ಮತ್ತು ಮರಳು ನಿಷೇಧದಿಂದ ಸ್ಥಳೀಯ ಮನೆ ಬಳಕೆಗೆ ವಿನಾಯಿತಿ ಕೊಡಬೇಕು." ಇದರ ಮೇಲೆ ಮಾತಾಡಲು ಮಗು ಕರಡನ್ನು ಓದಲೇಬೇಕಾಗುತ್ತದೆ.

ಪರ, ವಿರೋಧ ಯಾವುದು ಎಂಬುದನ್ನು ಹೆಸರು ಕೊಡುವಾಗಲೇ ಬರೆಸಿಕೊಳ್ಳಬೇಡಿ. ಸ್ಪರ್ಧೆಗೆ ಅರ್ಧ ಗಂಟೆ ಮೊದಲು ಚೀಟಿ ಎತ್ತಿಸಿ. ಮೊದಲೇ ಗೊತ್ತಾದರೆ ಮಗು ಒಂದೇ ಕಡೆಯ ಎಲೆಗಳನ್ನು ಜೋಡಿಸಿ ತರುತ್ತದೆ. ಗೊತ್ತಿಲ್ಲದಿದ್ದರೆ ಎರಡೂ ಕಡೆ ಓದಿಕೊಂಡು ಬರಬೇಕು. ನಾಲ್ಕು ನಿಮಿಷದ ಮಾತಿನ ಬಳಿಕ ಎದುರು ಪಕ್ಷದವರಿಗೆ ಎರಡು ನಿಮಿಷ ಪ್ರಶ್ನೆ ಕೇಳಲು ಬಿಡಿ. ಬಾಯಿಪಾಠ ಆ ಎರಡು ನಿಮಿಷದಲ್ಲಿ ಬಯಲಾಗುತ್ತದೆ.

ಅಂಕ 50 ಎಂದಿಟ್ಟುಕೊಂಡರೆ, ಹೇಳಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ಹೇಳಿದ್ದಕ್ಕೆ 5, ಆಧಾರಕ್ಕೆ 15, ಎದುರು ಪಕ್ಷದ ಅತಿ ಬಲವಾದ ಮಾತಿಗೆ ಕೊಟ್ಟ ಉತ್ತರಕ್ಕೆ 12, ಪ್ರಶ್ನೋತ್ತರಕ್ಕೆ 8, ಭಾಷೆ ಮತ್ತು ದನಿಗೆ 10. ಆಧಾರವೊಂದಕ್ಕೆ 5ರಂತೆ ಮೂರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ನಾಲ್ಕನೆಯದಕ್ಕೆ ಅಂಕವಿಲ್ಲ ಎಂದರೆ ಅಂಕಿಗಳ ಹೊರೆ ತಂದು ಸುರಿಯುವ ಚಟ ನಿಲ್ಲುತ್ತದೆ. ಯಾರು ಹೇಳಿದ್ದು, ಯಾವಾಗ, ಎಷ್ಟರಲ್ಲಿ ಎಷ್ಟು ಎಂಬ ಮೂರಕ್ಕೂ ಉತ್ತರವಿದ್ದರೆ ಪೂರ್ತಿ 5. "ಎರಡು ಪಟ್ಟಾಗಿದೆ" ಎಂದು ಹೇಳಿ ಎಷ್ಟಿದ್ದದ್ದು ಎಷ್ಟಾಯಿತು ಎಂದು ಹೇಳದಿದ್ದರೆ ಸೊನ್ನೆ. ಎದುರಿನವರ ಒಂದು ಮಾತನ್ನು ಸರಿ ಎಂದು ಒಪ್ಪಿ, ಆಮೇಲೂ ತನ್ನ ಪಕ್ಷ ಏಕೆ ನಿಲ್ಲುತ್ತದೆ ಎಂದು ತೋರಿಸಿದ ಮಗುವಿಗೆ ಆ 12ರಲ್ಲಿ ಧಾರಾಳವಾಗಿ ಕೊಡಿ. ಈಗ ಅದನ್ನು ಸೋಲು ಎಂದು ಎಣಿಸುತ್ತಿದ್ದೀರಿ.

ತೀರ್ಪುಗಾರರಿಗೂ ಮೊದಲೇ ಇಪ್ಪತ್ತು ನಿಮಿಷದ ಅಭ್ಯಾಸ ಇರಲಿ. ಹಿಂದಿನ ವರ್ಷದ ಬಹುಮಾನಿತ ಭಾಷಣವೊಂದನ್ನು ಅಚ್ಚು ಹಾಕಿಸಿ, ಎರಡು ಪೆನ್ನು ಕೊಡಿ. ಹೋಗಿ ಪರೀಕ್ಷಿಸಬಹುದಾದ ಮಾತಿಗೆ ನೀಲಿ ಗೆರೆ, ಭಾವನೆ ಕೆರಳಿಸುವ ಮಾತಿಗೆ ಕೆಂಪು ಗೆರೆ. ನೀಲಿ ಎಷ್ಟು ಉಳಿಯುತ್ತದೆ ನೋಡಿ. ಆಮೇಲೆ ಅದೇ ಭಾಷಣದಲ್ಲಿ ಅಡಿಕೆ ಎಂದಿರುವ ಕಡೆಯೆಲ್ಲ ಶುಂಠಿ ಎಂದೋ ಭತ್ತ ಎಂದೋ ಹಾಕಿ ಓದಿ. ಒಂದಕ್ಷರವೂ ಕೊಸರಾಡದೆ ಭಾಷಣ ಹಾಗೇ ನಿಂತರೆ ಅದರಲ್ಲಿ ಅಡಿಕೆಯ ಬಗ್ಗೆ ಏನೂ ಇರಲಿಲ್ಲ ಎಂದಾಯಿತು. ಅಡಿಕೆಗೆ ಸಿಂಪಡಿಸುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಸರಿಯಾಯಿತೇ ಎಂದು ತಿಳಿಯಲು ಕಬ್ಬಿಣದ ಚಾಕು ಅದ್ದಿ ನೋಡುತ್ತಾರಲ್ಲ, ಚಾಕು ಕೆಂಪಾದರೆ ಸುಣ್ಣ ಸಾಲದು ಎಂದು, ಇದೂ ಹಾಗೆ. ಖರ್ಚಿಲ್ಲ, ಸ್ಥಳದಲ್ಲೇ ಗೊತ್ತಾಗುತ್ತದೆ.

ಎಡವುವ ಜಾಗಗಳನ್ನೂ ಹೇಳಿಬಿಡುತ್ತೇವೆ. ತಂತ್ರಗಳ ಹೆಸರು ಕಲಿತ ಮಕ್ಕಳು ಮೊದಲು ಮಾಡುವುದು ಎದುರಿನವರ ಮೇಲೆ ಆ ಹೆಸರುಗಳನ್ನು ಎಸೆಯುವುದು. "ಇದು ಹಣೆಪಟ್ಟಿ ತಂತ್ರ!" ಎಂದು ಕೂಗುವುದೂ ಹಣೆಪಟ್ಟಿಯೇ. ಯಾವ ವಾಕ್ಯ, ಅದರಲ್ಲಿ ಯಾವ ಆಧಾರ ಕಾಣೆಯಾಗಿದೆ ಎಂದು ಹೇಳದಿದ್ದರೆ ಅಂಕವಿಲ್ಲ ಎಂದು ನಿಯಮ ಮಾಡಿ. ಎರಡನೆಯದಾಗಿ, ತಂತ್ರ ಬಳಸಿ ಹೇಳಿದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ. ಹೆಲ್ಮೆಟ್ ಹಾಕಿ ಎನ್ನುವ ಫಲಕ ಹೆದರಿಸಿಯೇ ಹೇಳುತ್ತದೆ, ಹೇಳುವುದು ಸರಿಯಾಗಿಯೇ ಇದೆ. ತಂತ್ರ ಕಂಡಾಗ ಮಾಡಬೇಕಾದದ್ದು ಆಧಾರ ಹುಡುಕುವುದು, ತಿರಸ್ಕರಿಸುವುದಲ್ಲ. ಯಾವುದನ್ನೂ ನಂಬದ ಹುಡುಗರು ತಯಾರಾಗುತ್ತಾರೆ ಎಂಬ ಹಳೆಯ ಟೀಕೆಗೆ ಮದ್ದು ಇದೇ.

ಮೂರನೆಯದು ಖಂಡಿಸುವ ಕ್ರಮ. 1977ರಲ್ಲಿ ಅಮೆರಿಕದ ಮೂವರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರದ ಅಂತರದಲ್ಲಿ ಮೂರು ಸಲ ಹೇಳಿಕೆಗಳನ್ನು ಕೇಳಿಸಿದರು. ಮತ್ತೆ ಮತ್ತೆ ಬಂದ ಹೇಳಿಕೆಗಳು ನಿಜವೇ ಇರಲಿ, ಸುಳ್ಳೇ ಇರಲಿ, ಹೊಸದಾಗಿ ಕೇಳಿದವಕ್ಕಿಂತ ಹೆಚ್ಚು ನಿಜ ಅನಿಸಿದವು. ಹಾಗಾಗಿ ಎದುರು ಪಕ್ಷದ ತಪ್ಪು ಮಾತನ್ನು ನಾಲ್ಕು ಸಲ ಹೇಳಿ ನಾಲ್ಕು ಸಲ ಅಲ್ಲಗಳೆಯುವ ಮಗು ಅವರಿಗೇ ಸಹಾಯ ಮಾಡುತ್ತಿರುತ್ತದೆ. ಸರಿಯಾದದ್ದನ್ನು ಮೊದಲು ಹೇಳಿ, ತಪ್ಪನ್ನು ಒಂದೇ ಸಲ ಹೆಸರಿಸಿ, ಮತ್ತೆ ಸರಿಯಾದದ್ದಕ್ಕೆ ಬರುವಂತೆ ಅಭ್ಯಾಸ ಮಾಡಿಸಿ.

ಇಷ್ಟನ್ನೂ ಒಂದೇ ವರ್ಷ ಜಾರಿಗೆ ತರಲು ಆಗದಿದ್ದರೆ ಅಂಕಪಟ್ಟಿಯಲ್ಲಿ "ಆಧಾರ" ಎಂಬ ಒಂದು ಕಾಲಂ ಸೇರಿಸಿ, ಮಳೆಗಾಲ ಮುಗಿದ ಮೇಲೆ ನಡೆಯುವ ಮೊದಲ ಸ್ಪರ್ಧೆಯಲ್ಲಿ ನೋಡಿ. ಆ ಕಾಲಂ ತುಂಬಲು ತೀರ್ಪುಗಾರರು ಸಾಲದೆ ಬಂದರೆ ಕರೆಯಿರಿ, ಬರುತ್ತೇವೆ. ಶಾಲು, ಹಾರ, ನೆನಪಿನ ಕಾಣಿಕೆ ಯಾವುದೂ ಬೇಡ. ಎರಡು ಪೆನ್ನು ನಾವೇ ತರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಚರ್ಚಾಸ್ಪರ್ಧೆಗಳನ್ನು ಹಿಂದಿನ ಸಾಲಿನಲ್ಲಿ ಕೂತು ಕೇಳುವ ಕೆಲವರು
ಶಿವಮೊಗ್ಗ